ಎಡಕ್ಕೆ ಬಿದ್ದ ಸೆರಗು

ಮೊನ್ನೆ ಮಹಾನವಮಿ ಅಮವಾಸ್ಯೆಯ ದಿನ ಗೌರಮ್ಮನ ಮನೆಗೆ ಹೋಗಿದ್ದೆ. ಗಂಗಾವತಿಯಿಂದ ಹೇಮಗುಡ್ಡದ ಕಡೆ ಹೋಗುವ ದಾರಿಯಲ್ಲಿ ಕಾಲುವೆ ದಾಟಿದರೆ ಅವರ ಮನೆ. ಸುತ್ತ ಎತ್ತ ನೋಡಿದರೂ ಭತ್ತ. "ಅಕ್ಕೋರ, ಈ ಸಲ ಹಿರೇರ ಹಬ್ಬಕ್ಕ ನೀವು ಬರಾಕಬೇಕು, ಏನೂ ನೆವಾ ಹೇಳಬ್ಯಾಡ್ರಿ" ಎಂದು ಆಕೆ ಮೇಲಿಂದ ಮೇಲೆ ಫೋನ್ ಮಾಡಿದ್ದಳು. ಅಂಗಳದಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದೆ. ಹಿತ್ತಲಿನ ಒಲೆಗೆ ಯಾರೋ ಹುಣಸೆ ಟೊಂಗೆ ಇಟ್ಟಿದ್ದರು ಅಂತ ಕಾಣುತ್ತದೆ, ಅದರ ಹೊಗೆ ಮನೆ ಸುತ್ತಿಕೊಂಡು ಮುಂದಕ್ಕೆ ಬಂತು. ತಂಬಿಗೆ ಹಿಡಿದವಳು ಹಾಗೇ ನಿಂತೆ. ನನ್ನ ಎದೆಗೆ ಆ ಹೊಗೆ ಆಗುವುದಿಲ್ಲ, ಡಾಕ್ಟರು ಬಯ್ಯುತ್ತಾರೆ. ಬಯ್ಯಲಿ ಬಿಡು ಎಂದುಕೊಂಡು ಒಂದು ಸಲ ಉದ್ದಕ್ಕೆ ಎಳೆದುಕೊಂಡೆ. ಅದು ನಮ್ಮಪ್ಪನ ಅಂಗಿಯ ವಾಸನೆ.

ಅಪ್ಪ ಕುಷ್ಟಗಿಯಲ್ಲಿ ಡ್ರಾಯಿಂಗ್ ಮಾಸ್ತರು. ಅಂಗಡಿಯ ಇದ್ದಿಲ ಕಡ್ಡಿ ಅವರ ಕೈಗೆ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಹುಣಸೆ ಗಿಡದ ತೆಳ್ಳನೆಯ ಟೊಂಗೆಗಳನ್ನು ಆರಿಸಿ, ಸಿಪ್ಪೆ ಸುಲಿದು, ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳದ ಸುತ್ತ ಕೆಸರು ಮೆತ್ತಿ ಕೆಂಡದಲ್ಲಿ ಹುಗಿಯುತ್ತಿದ್ದರು. ಒಳಗೆ ಗಾಳಿ ಹೋಗದೆ ಟೊಂಗೆ ಬೂದಿಯಾಗದೆ ಕಪ್ಪಗೆ ಕರಕಾಗಬೇಕು. "ಅಡಿಗಿ ಒಲಿನ ಇವರಿಗೆ ಸಾಲಿ ಆಗೇತಿ" ಎಂದು ಅವ್ವ ಬಯ್ಯುತ್ತಿದ್ದಳು. ಆ ಕಡ್ಡಿಯಲ್ಲೇ ನಾನು ಗೆರೆ ಎಳೆಯಲು ಕಲಿತೆ, ಅದನ್ನೇ ಹಿಡಿದು ಗಂಗಾವತಿಗೆ ಬಂದು ಒಂದು ಶಾಲೆಯಲ್ಲಿ ಡ್ರಾಯಿಂಗ್ ಅಕ್ಕೋರಾದೆ. ಅವ್ವ ಹೋದ ಮೇಲೆ ಅಪ್ಪನೂ ಡಬ್ಬಿ ಸಮೇತ ನನ್ನ ಮನೆಗೆ ಬಂದರು.

ಶಾಲೆಯ ಪಾಠಕ್ಕಿಂತ ಹೆಚ್ಚಾಗಿ ನಮ್ಮನ್ನು ಜನ ಗುರುತು ಹಿಡಿದದ್ದು ಬೇರೆ ಕೆಲಸಕ್ಕೆ. ಹಿರೇರ ಹಬ್ಬದಲ್ಲಿ ಸತ್ತ ಹಿರಿಯರ ಫೋಟೋ ಮಣೆಯ ಮೇಲಿಟ್ಟು, ಅದರ ಮುಂದೆ ಹೊಸ ಬಟ್ಟೆ ಇಟ್ಟು, ಎಡೆ ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಆದರೆ ಎಷ್ಟೋ ಮನೆಗಳಲ್ಲಿ ಹಿರಿಯರ ಫೋಟೋನೇ ಇರುವುದಿಲ್ಲ. ಹೆಣ್ಣುಮಕ್ಕಳದಂತೂ ಕೇಳಲೇಬೇಡಿ, ಮನೆ ಹೊಲ ಎಂದು ದುಡಿದು ಫೋಟೋಕ್ಕೆ ನಿಲ್ಲುವ ಪುರಸತ್ತಿಲ್ಲದೆ ಹೋದವರು. ಅಂಥವರ ಮಕ್ಕಳು ಅಪ್ಪನ ಮುಂದೆ ಚಾಪೆಯ ಮೇಲೆ ಕೂತು ಹೇಳುತ್ತ ಹೋಗುತ್ತಿದ್ದರು, ಅಪ್ಪ ಬರೆಯುತ್ತ ಹೋಗುತ್ತಿದ್ದರು. ಮೂಗು ಹೇಗಿತ್ತು, ಕಣ್ಣು ಹೇಗಿತ್ತು ಎಂದು ಅವರು ಕೇಳಿದವರೇ ಅಲ್ಲ. "ಸಿಟ್ಟು ಬಂದಾಗ ಬಾಯಿ ಏನು ಮಾಡ್ತಿದ್ರು? ಮೊರದಾಗ ಅಕ್ಕಿ ಕೇರುವಾಗ ಹುಬ್ಬು ಗಂಟು ಹಾಕ್ತಿದ್ರೇನು?" ಇಂಥವು. ತಪ್ಪಾದದ್ದನ್ನು ಡಬಲ್‌ರೊಟ್ಟಿಯ ಮೆತ್ತನೆ ತುಂಡಿನಿಂದ ಒತ್ತಿ ಅಳಿಸುತ್ತಿದ್ದರು. ಮಕ್ಕಳು ಮತ್ತೆ ತಿದ್ದಿಸುತ್ತಿದ್ದರು, ಮತ್ತೆ ರೊಟ್ಟಿ. ಹೀಗೆ ಅಳಿಸಿ ಅಳಿಸಿ ಕಾಗದದ ಎಳೆ ಎದ್ದು ಬಂದಾಗ ಅಪ್ಪ ಕೈ ಝಾಡಿಸಿಕೊಂಡು ಏಳುತ್ತಿದ್ದರು. "ಇನ್ನ ಕಾಗದ ತಡ್ಯಂಗಿಲ್ಲಪಾ. ಇವರ ನಿಮ್ಮವ್ವ." ಜನ ಸ್ವಲ್ಪ ಹೊತ್ತು ನೋಡಿ, ಕಣ್ಣೊರೆಸಿಕೊಂಡು, ಹೌದು ಇವಳೇ ಎಂದು ಕೈ ಮುಗಿದು ಒಯ್ಯುತ್ತಿದ್ದರು.

ಎರಡು ಸಾವಿರದ ಹನ್ನೊಂದರ ಮಳೆಗಾಲದಲ್ಲಿ ಇದಕ್ಕೆಲ್ಲ ಕಲ್ಲು ಬಿತ್ತು. ಆ ಹೊತ್ತಿಗೆ ಅಪ್ಪನ ಕೈ ನಡುಗುತ್ತಿತ್ತು, ಬರೆಯುವವಳು ನಾನೇ. ಜೂನ್ ತಿಂಗಳಲ್ಲಿ ಹಿಡಿದ ಕೆಮ್ಮು ಬಿಡಲಿಲ್ಲ. ರಾತ್ರಿಯೆಲ್ಲ ಎದೆಯಲ್ಲಿ ಸೀಟಿ ಊದಿದ ಹಾಗೆ. ಮೊದಲೇ ಗಂಗಾವತಿ ಅಂದರೆ ರೈಸ್ ಮಿಲ್ಲುಗಳ ತೌಡಿನ ಧೂಳು, ಅದರ ಮೇಲೆ ಇಪ್ಪತ್ತು ವರ್ಷದ ಇದ್ದಿಲ ಪುಡಿ. ಕೊಪ್ಪಳದ ಡಾಕ್ಟರು ನನ್ನ ಉಗುರು ನೋಡಿ, "ಏನ್ ಕೆಲಸಾ ಮಾಡ್ತೀರಿ? ಇದ್ದಲಾ ಮಾರ್ತೀರೇನು?" ಎಂದರು. ಚಿತ್ರ ಬರೀತೀನಿ ಅಂದೆ. "ಬರೀರಿ, ಆದ್ರ ಈ ಪುಡಿ ಇವತ್ತಿಗೆ ಬಂದ್." ಅಷ್ಟೇ ಹೇಳಿ ಗುಳಿಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅತ್ತೆ. ಪಕ್ಕದ ಸೀಟಿನ ಅಜ್ಜಿ ಯಾರು ಹೋದರು ಎಂದು ಕೇಳಿದಳು. ಯಾರೂ ಹೋಗಿಲ್ಲಬೇ ಎಂದು ಹೇಳಿ ಮತ್ತೆ ಅತ್ತೆ.

ನಮ್ಮ ಶಾಲೆಯ ಕಂಪ್ಯೂಟರ್ ಸರ್ ಉಪಕಾರಿ ಮನುಷ್ಯ. ಪೆನ್ನಿನಿಂದ ಬರೆದರೆ ಕಂಪ್ಯೂಟರಿನಲ್ಲಿ ಮೂಡುವ ಪ್ಯಾಡ್ ಒಂದನ್ನು ಹುಬ್ಬಳ್ಳಿಯಿಂದ ತರಿಸಿಕೊಟ್ಟರು, ಹಳೆಯ ಕಂಪ್ಯೂಟರೊಂದನ್ನು ಮನೆಗೇ ತಂದು ಜೋಡಿಸಿದರು. ಅಯ್ಯೋ, ಆ ಮೊದಲ ದಿನಗಳು! ಕೈ ಕೆಳಗೆ, ಚಿತ್ರ ಮೇಲೆ. ಕೈ ನೋಡಿದರೆ ಚಿತ್ರವಿಲ್ಲ, ಚಿತ್ರ ನೋಡಿದರೆ ಕೈ ಎಲ್ಲೋ ಹೋಗಿರುತ್ತದೆ. ಪೆನ್ನು ಎಣ್ಣೆ ಸವರಿದ ಹಂಚಿನ ಮೇಲೆ ಜಾರಿದ ಹಾಗೆ ಜಾರುತ್ತಿತ್ತು. ಒಂದನೇ ತರಗತಿಯ ಹುಡುಗರು ಬರೆಯುವ ಹುಂಜ ಬರೆದೆ, ಅದಕ್ಕೂ ಕಾಲು ಸರಿ ಬರಲಿಲ್ಲ. ಸಿಟ್ಟಿಗೆ ಪೆನ್ನು ಎಸೆದು ಶಾಲೆಗೆ ಹೋದೆ.

ಅಪ್ಪ ಈ ಪ್ಯಾಡಿನ ವಿಷಯದಲ್ಲಿ ತುಟಿ ಬಿಚ್ಚಿರಲಿಲ್ಲ. ಡಾಕ್ಟರ ಮಾತು ಕೇಳಿದ ದಿನವೇ ಇದ್ದಿಲ ಡಬ್ಬಿಯನ್ನು ಎಲ್ಲಿಗೋ ಒಯ್ದು ಇಟ್ಟಿದ್ದರು, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ದಿನ ಶಾಲೆಯಿಂದ ಬಂದು ನೋಡುತ್ತೇನೆ, ಪ್ಯಾಡಿನ ಮೈಮೇಲೆ ಡ್ರಾಯಿಂಗ್ ಕಾಗದ ಅಳತೆಗೆ ಕತ್ತರಿಸಿ ನಾಲ್ಕೂ ಕಡೆ ಅಂಟಿಸಿದೆ. "ಕೆಡತೈತೇನೋ ಅಂತ ಅಂಜಿಕಿ ಬಂತು, ಆದ್ರೂ ಹಚ್ಚೀನಿ. ಬರ್ದು ನೋಡು" ಎಂದರು ಅಪ್ಪ. ಪೆನ್ನು ಇಟ್ಟೆ. ಸರಸರ ಎಂದು ಸಪ್ಪಳ ಬಂತು, ಗೆರೆ ಕೈಗೆ ಸಿಕ್ಕಿತು. ಅಪ್ಪ ಕಂಪ್ಯೂಟರಿನ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಆ ಸಪ್ಪಳವನ್ನಷ್ಟೇ ಕೇಳುತ್ತ ಕೂತರು.

ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದ ದಿನಗಳಲ್ಲಿ ನೀಲವ್ವ ಬಂದಳು. ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯವಳು, ವಯಸ್ಸು ಐವತ್ತರ ಸುಮಾರು. ಜೊತೆಗೆ ತಮ್ಮ ಶರಣಪ್ಪ, ತಾಲೂಕು ಕಚೇರಿಯಲ್ಲಿ ಜವಾನ. ಕೊನೆಯವಳು ಇದೇ ಗೌರಮ್ಮ, ಗಂಗಾವತಿಗೆ ಕೊಟ್ಟವಳು. ಅವರ ಅವ್ವ ಸತ್ತಾಗ ನೀಲವ್ವ ಹನ್ನೆರಡರ ಹುಡುಗಿ, ಶರಣಪ್ಪ ಚಡ್ಡಿ ಹಾಕದವನು, ಗೌರಮ್ಮ ಮೊಲೆಗೂಸು. ಇಬ್ಬರನ್ನೂ ಬೆಳೆಸಿದವಳು ನೀಲವ್ವನೇ. ಅವ್ವನದೊಂದು ಫೋಟೋ ಇಲ್ಲ. ಹಿರೇರ ಹಬ್ಬದಲ್ಲಿ ಬರೀ ಮಣೆಯ ಮೇಲೆ ಸೀರೆ ಇಟ್ಟು ಕೈ ಮುಗಿಯುತ್ತ ಬಂದಿದ್ದರು.

"ಇಷ್ಟ ದಿನಾ ಚಿಂತಿ ಇರಲಿಲ್ರೀ ಅಕ್ಕೋರ, ಕಣ್ಣು ಮುಚ್ಚಿದ್ರ ಕಾಣ್ತಿದ್ಲು" ಎಂದಳು ನೀಲವ್ವ. "ಈಗೀಗ ಅವ್ವನ ಮಾರಿ ನೆಪ್ಪಿಗೆ ಬರವಲ್ದು. ಸೀರಿ ನೆಪ್ಪೈತಿ, ಬಳಿ ನೆಪ್ಪೈತಿ. ಮಾರಿ ಇರೋ ಜಾಗಾದಾಗ ಮಬ್ಬ ಮಬ್ಬ. ಇವರಿಗಂತೂ ಗೊತ್ತಿಲ್ಲ. ನಾ ಮರತ್ನೆಪಾ ಅಂದ್ರ ನಮ್ಮವ್ವ ಪೂರಾ ಹೋಗಿಬಿಡತಾಳ್ರಿ. ಈ ಅಮವಾಸಿಯೊಳಗ ಏನರ ಮಾಡಿ ತಂದುಕೊಡ್ರಿ."

ಊರಿನ ಮುದುಕಿಯರೆಲ್ಲ ನೀಲವ್ವ ಅವ್ವನ ಪಡಿಯಚ್ಚು ಎನ್ನುತ್ತಿದ್ದರಂತೆ. ಹಾಗಾದರೆ ಸುಲಭವಾಯಿತು ಎಂದುಕೊಂಡೆ. ನೀಲವ್ವನ ಫೋಟೋ ತೆಗೆದು, ಅದನ್ನು ಮುಂದಿಟ್ಟುಕೊಂಡು, ಇಪ್ಪತ್ತು ವರ್ಷ ಚಿಕ್ಕವಳನ್ನಾಗಿ ಮಾಡಿ ಒಂದು ಮುಖ ಬರೆದೆ. ಹಣೆಗೆ ವಿಭೂತಿ, ಕಾಸಗಲ ಕುಂಕುಮ. ಅವರ ಮನೆತನದ ಹೆಣ್ಣುಮಕ್ಕಳ ಸೆರಗು ಬಲ ಹೆಗಲ ಮೇಲಿನಿಂದ ಬಂದು ತಲೆ ಮುಚ್ಚಬೇಕು, ಅದನ್ನೂ ಸರಿಯಾಗಿ ಹೊದಿಸಿದೆ. ಮುಂದಿನ ಭಾನುವಾರ ಮೂವರೂ ಬಂದು ಕಂಪ್ಯೂಟರಿನ ಮುಂದೆ ಕೂತರು.

ನೀಲವ್ವ ನೋಡಿದಳು. "ಯಾರಿಕಿ?" ಎಂದಳು.

ಶರಣಪ್ಪನಿಗೂ ಒಪ್ಪಿಗೆಯಾಗಲಿಲ್ಲ. ಮೂಗು ಸ್ವಲ್ಪ ಗಿಡ್ಡ ಮಾಡ್ರಿ ಎಂದ. ಮಾಡಿದೆ. ಗೌರಮ್ಮ ಮೊದಲಿನದೇ ಛಲೋ ಇತ್ತು ಎಂದಳು. ಒಂದು ಗುಂಡಿ ಒತ್ತಿದರೆ ಮೊದಲಿನ ಮೂಗು ಬಂತು. "ಅಬಾಬಾ, ವಾಪಸ್ ಬರತೈತಿ!" ಎಂದು ಶರಣಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಅಲ್ಲಿಗೆ ನನ್ನ ಗ್ರಹಚಾರ ಶುರು. ಗಲ್ಲ ತುಂಬಿಸ್ರಿ, ತೆಗೀರಿ, ಕಣ್ಣು ದೊಡ್ಡದು ಮಾಡ್ರಿ, ಬ್ಯಾಡ ಮೊದಲಿನಂಗ ಮಾಡ್ರಿ. ಕಾಗದವಾಗಿದ್ದರೆ ಎರಡನೇ ಭಾನುವಾರಕ್ಕೆ ಎಳೆ ಎದ್ದು ಬಂದು ಪಂಚಾಯಿತಿ ಮುಗಿದಿರುತ್ತಿತ್ತು. ಇದಕ್ಕೆ ಎಳೆಯೂ ಇಲ್ಲ, ದಣಿವೂ ಇಲ್ಲ. ಎಷ್ಟು ಅಳಿಸಿದರೂ ಹೊಚ್ಚ ಹೊಸದು. ಇಡೀ ಶ್ರಾವಣ ಹೀಗೇ ಹೋಯಿತು, ಹೊರಗೆ ಜಿಟಿಜಿಟಿ ಮಳೆ, ಒಳಗೆ ನಾವು ಐದು ಜನ ಒಬ್ಬಳನ್ನು ಹುಡುಕುತ್ತ ಕೂತಿದ್ದೆವು. ಒಂದು ಸಲ ಕರೆಂಟು ಹೋಗಿ ಪರದೆ ಕಪ್ಪಾದಾಗ ನೀಲವ್ವ ಗಾಬರಿಯಾಗಿ "ಹೋದ್ಲರೀ!" ಎಂದು ಎದ್ದು ನಿಂತಿದ್ದಳು. ನಾವೆಲ್ಲ ನಕ್ಕೆವು, ಆಕೆ ನಗಲಿಲ್ಲ.

ಅಪ್ಪ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತ ಇದನ್ನೆಲ್ಲ ಕೇಳುತ್ತಿದ್ದರು. ಆ ಮೂವರೂ ಹೋದ ಮೇಲೆ ನನಗೆ, "ಯವ್ವಾ, ಇದಕ್ಕ ಸಾಕು ಅನ್ನೋದು ಗೊತ್ತಿಲ್ಲ. ನೀನ ಅನಬೇಕು" ಎಂದರು. ನಾನು ಹೇಗೆ ಅನ್ನಲಿ? ಅಪ್ಪನಿಗೆ ಕಾಗದದ ಆಸರೆ ಇತ್ತು.

ಭಾದ್ರಪದದಲ್ಲಿ ಒಂದು ದಿನ ನೀಲವ್ವ ಒಬ್ಬಳೇ ಬಂದಳು. ಭಾನುವಾರವಲ್ಲ. ಮಳೆಯಲ್ಲಿ ತೊಯ್ದಿದ್ದಳು. ಕೂಡ್ರಿ ಅಂದರೂ ಕೂರಲಿಲ್ಲ.

"ಬಿಟ್ಟುಬಿಡ್ರಿ ಅಕ್ಕೋರ. ಸಾಕು."

"ಯಾಕ್ರಿ ನೀಲಕ್ಕ? ಅಮವಾಸಿ ಇನ್ನ ದೂರ ಐತಿ. ನಾ ಮಾಡಿಕೊಡ್ತೀನಿ."

"ಮೊದಲ ಒಂದೀಟು ಮಬ್ಬರ ಇತ್ತರಿ. ನಿಮ್ಮ ಚಿತ್ರಾ ನೋಡಿ ನೋಡಿ ಅದೂ ಹೋತು. ಈಗ ಕಣ್ಣು ಮುಚ್ಚಿದ್ರ ಈ ಪರದೇದಾಗಿನ ಹೆಂಗಸರ ಬರ್ತಾರ. ಒಬ್ಬೊಬ್ಬರದು ಒಂದೊಂದು ಮೂಗು. ನಮ್ಮವ್ವ ಯಾರೋ ತಿಳೀದಂಗ ಆತು."

ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು. ನಾನು ಒಬ್ಬ ತಾಯಿಯನ್ನು ಬರೆಯಲು ಹೋಗಿ ಇದ್ದಷ್ಟು ತಾಯಿಯನ್ನೂ ಅಳಿಸಿಬಿಟ್ಟಿದ್ದೆ.

ಗೌರಮ್ಮನಿಗೆ ಫೋನ್ ಮಾಡಿ ಕಾಲು ಹಿಡಿದುಕೊಳ್ಳುವುದೊಂದು ಬಾಕಿ ಇಟ್ಟು ಬೇಡಿಕೊಂಡೆ. ಅಮವಾಸ್ಯೆಯ ಹಿಂದಿನ ಭಾನುವಾರ ಒಂದೇ ಒಂದು ಸಲ ಅಕ್ಕನನ್ನು ಕರೆದುಕೊಂಡು ಬಾ, ಆಗದಿದ್ದರೆ ಎಲ್ಲ ಅಳಿಸಿ ಹಾಕುತ್ತೇನೆ ಎಂದೆ. ಆ ಶನಿವಾರ ಮತ್ತೆ ಮೊದಲಿನ ಮುಖವನ್ನೇ ತೆಗೆದುಕೊಂಡು ಕೂತೆ. ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸವಿದೆ. ಒಂದೇ ಚಿತ್ರ ಬಹಳ ಹೊತ್ತು ನೋಡಿದರೆ ಕಣ್ಣು ತಪ್ಪಿಗೆ ಒಗ್ಗಿಹೋಗುತ್ತದೆ. ಅದಕ್ಕೆ ಅಪ್ಪ ಚಿತ್ರಕ್ಕೆ ಬೆನ್ನು ತಿರುಗಿಸಿ ನಿಂತು, ಗಡ್ಡ ಕೆರೆಯುವ ಕನ್ನಡಿ ಹಿಡಿದು, ಅದರೊಳಗೆ ಚಿತ್ರ ನೋಡುತ್ತಿದ್ದರು. ಎಡ ಬಲವಾದರೆ ಸೊಟ್ಟ ಇದ್ದದ್ದು ಥಟ್ಟನೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಅದಕ್ಕೆ ಕನ್ನಡಿಯೂ ಬೇಡ, ಒಂದು ಸಲ ಒತ್ತಿದರೆ ಚಿತ್ರವೇ ತಿರುಗಿ ನಿಲ್ಲುತ್ತದೆ. ತಿರುಗಿಸಿದೆ, ಹುಬ್ಬು ತಿದ್ದಲು ಹೊರಟಿದ್ದೆ. ಅಷ್ಟರಲ್ಲಿ ಕರೆಂಟು ಹೋಗಿ, ಹಿಂದಿನ ಸಲ ಪರದೆ ಕಪ್ಪಾದ ಮೇಲೆ ತಂದಿಟ್ಟಿದ್ದ ಬ್ಯಾಟರಿ ಪೆಟ್ಟಿಗೆ ಕೀಂ ಕೀಂ ಎಂದು ಹೊಡೆದುಕೊಳ್ಳತೊಡಗಿತು. ಗಡಿಬಿಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಉಳಿಸಿ ಬಂದ್ ಮಾಡಿದೆ.

ಮರುದಿನ ಮೂವರೂ ಬಂದರು. ನೀಲವ್ವ ಬಾಗಿಲ ಹತ್ತಿರವೇ ಗೋಡೆಗೆ ಒರಗಿ, ಪರದೆಯ ಕಡೆ ಬೆನ್ನು ಮಾಡಿ ಕೂತಳು. ನಾನು ಚಿತ್ರ ತೆರೆದೆ. ಶರಣಪ್ಪ ಹೋ ಎಂದು ನಕ್ಕ.

"ಇದೇನ್ರಿ ಅಕ್ಕೋರ, ಸೆರಗು ಎಡಕ್ಕ ಬಿದ್ದೈತಲ್ರಿ! ನಮ್ಮವ್ವನ ಕುಲಾನ ಬದಲಿ ಮಾಡಿಬಿಟ್ರಿ!"

ಥೂ, ತಿರುಗಿಸಿದ್ದನ್ನು ಮತ್ತೆ ತಿರುಗಿಸಿರಲಿಲ್ಲ. ಗೌರಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು. ನಾಚಿಕೆಯಾಗಿ ಗುಂಡಿಗೆ ಕೈ ಹಾಕಿದೆ. ನಗು ಕೇಳಿ ನೀಲವ್ವ ಏನಾಯಿತೆಂದು ತಿರುಗಿ ನೋಡಿದ್ದಳು.

"ತಡೀರಿ" ಎಂದಳು.

ನಾನು ಗುಂಡಿಯಿಂದ ಕೈ ತೆಗೆದೆ. ಆಕೆ ಎದ್ದು ಬಂದು ಪರದೆಯ ಮುಂದೆ ನೆಲಕ್ಕೆ ಕೂತಳು. "ಅವ್ವ" ಎಂದಳು. ನಮಗಲ್ಲ, ಪರದೆಗೆ. "ಎಲ್ಲಿ ಹೋಗಿದ್ದಿಬೇ?" ಎಂದು ಕೇಳಿ, ಮೊಳಕಾಲಿಗೆ ಹಣೆ ಹಚ್ಚಿ ಹನ್ನೆರಡರ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಶರಣಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ಅದೇ ಮೂಗು, ಅದೇ ಕಣ್ಣು, ಮೊದಲ ದಿನ ಯಾರಿಕಿ ಎಂದಳಲ್ಲ, ಅದೇ ಮುಖ. ಅಪ್ಪ ಮೂಲೆಯಿಂದ ಎದ್ದು ಬಂದು ಆಕೆಯ ಪಕ್ಕ ಕೂತರು. ಅಳು ಕಡಿಮೆಯಾದ ಮೇಲೆ ತಮ್ಮ ಹಳೆಯ ಧಾಟಿಯಲ್ಲಿ ಕೇಳಿದರು. "ತಂಗಿ, ಸಣ್ಣಾಕಿ ಇದ್ದಾಗ ಅವ್ವ ಭಾಳ ನೆಪ್ಪಾದ್ರ ಏನ್ ಮಾಡ್ತಿದ್ದಿವ್ವಾ?"

ನೀಲವ್ವ ಮೂಗು ಒರೆಸಿಕೊಂಡಳು. ಹೇಳಲೋ ಬೇಡವೋ ಎಂದು ತಮ್ಮನ, ತಂಗಿಯ ಕಡೆ ನೋಡಿದಳು.

"ಕನ್ನಡಿ ನೋಡ್ಕೊಂತಿದ್ದೆ ಮಾಸ್ತರ. ಎಲ್ಲಾರೂ ನೀ ನಿಮ್ಮವ್ವನಂಗ ಅದಿ ಅಂತಿದ್ರಲ್ಲ. ಈಕಿ ಹಾಲಿಗೆ ಅಳತಿದ್ಲು, ಇಂವಾ ಹಸಿವು ಅಂತ ಅಳತಿದ್ದ, ನನಗೂ ಅಳು ಬರತಿತ್ತು. ನಾ ಅತ್ರ ಇವರನ್ನ ನೋಡಾವ್ರು ಯಾರು? ಅದಕ್ಕ ಗ್ವಾಡಿ ಮಾಡದಾಗಿನ ಕನ್ನಡಿ ಮುಂದ ನಿಂತು ಸುಮ್ಮಸುಮ್ಮನ ನಗತಿದ್ದೆ. ಅವ್ವ ನಕ್ಕಂಗ ಆಗತಿತ್ತು."

ಯಾರ ಮುಖವೂ ಎರಡೂ ಕಡೆ ಒಂದೇ ಇರುವುದಿಲ್ಲ. ನೀಲವ್ವ ನಕ್ಕರೆ ಬಾಯಿ ಒಂದು ಕಡೆ ಜಗ್ಗುತ್ತದೆ, ಒಂದು ಹುಬ್ಬು ಕೂದಲೆಳೆಯಷ್ಟು ಮೇಲೆ. ಆಕೆ ತನ್ನ ಮುಖವನ್ನು ಬಲ್ಲದ್ದು ಕನ್ನಡಿಯಲ್ಲಿ, ಎಡ ಬಲವಾದ ಮುಖ. ನಾವೆಲ್ಲ ಬಲ್ಲದ್ದು ಎದುರಿನಿಂದ ನೋಡಿದ ಮುಖ. ನಾನು ಫೋಟೋ ನೋಡಿ ಬರೆದದ್ದು ತಮ್ಮನ, ತಂಗಿಯ ಕಣ್ಣಿಗೆ ಕಾಣುವ ನೀಲವ್ವನನ್ನು, ಅದು ಆಕೆಗೆ ಯಾರದೋ ಮುಖವಾಗಿ ಕಂಡಿತು. ಶರಣಪ್ಪ ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಅದಕ್ಕ ನೋಡ್ರಿ. ಮೊದಲಿಂದು ಪೂರಾ ನಮ್ಮಕ್ಕಂದ ಆಗಿತ್ತು, ಅವ್ವ ಅಂತ ಹ್ಯಾಂಗ ಅನ್ನೂಣು?" ಎಂದ. ಸತ್ತ ಆ ಹೆಣ್ಣುಮಗಳು ನಿಜಕ್ಕೂ ಹೇಗಿದ್ದಳೋ ದೇವರೇ ಬಲ್ಲ. ನಮ್ಮ ಕೈಗೆ ಸಿಕ್ಕದ್ದು ಒಬ್ಬ ಹುಡುಗಿ ಹಲ್ಲು ಕಚ್ಚಿ ಕನ್ನಡಿಯಲ್ಲಿ ಕಾಪಾಡಿಕೊಂಡು ಬಂದ ಅವ್ವ. ಆ ಮೇಲೆ ಯಾರೂ ಮೂಗಿನ ಮಾತು ಎತ್ತಲಿಲ್ಲ.

ಮುಖವನ್ನು ಹಾಗೇ ಬಿಟ್ಟು, ಸೀರೆಯನ್ನಷ್ಟೇ ಬೇರೆ ಮಾಡಿ ತಿರುಗಿಸಿ ಸೆರಗನ್ನು ಬಲಕ್ಕೆ ತಂದೆ. ಅಪ್ಪ ಬಗ್ಗಿ ನೋಡಿದರು. ಆ ಕಂಪ್ಯೂಟರನ್ನು ಅವರು ನೆಟ್ಟಗೆ ನೋಡಿದ್ದು ಅದೇ ಮೊದಲು. "ಇದ್ದಲದಾಗ ಆಗಿದ್ರ ಹೊಸಾ ಕಾಗದಾ ತುಗೋಬೇಕಿತ್ತು. ಮತ್ತ ಆ ಮಾರಿ ಬರತಿತ್ತೋ ಇಲ್ಲೋ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಪೆನ್ನು ಕೆಳಗಿಟ್ಟು, "ಇವರ ನಿಮ್ಮವ್ವ" ಎಂದೆ. ಅಪ್ಪನ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲ ಸಲ.

ಪ್ರಿಂಟು ತೆಗೆಸಿ, ಕಟ್ಟು ಹಾಕಿಸಿ ಕೊಟ್ಟ ದಿನ ನೀಲವ್ವ ಅದನ್ನು ಹೊಸ ಸೀರೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡಳು. ಶರಣಪ್ಪ ಆಟೋ ತರಲು ಹೋದ. ಗೌರಮ್ಮ ಹೊರಡದೆ ನಿಂತಳು.

"ಅಕ್ಕೋರ, ನನಗ ಮೊದಲಿಂದು ಒಂದು ಮಾಡಿಕೊಡ್ರಿ."

"ಯಾವ ಮೊದಲಿಂದು?"

"ತಿರುಗಿಸಲಾರದ್ದು."

"ಅದು ಅವ್ವಂದಲ್ರೀ, ನಿಮ್ಮಕ್ಕನ ಮಾರಿ ಅದು."

"ಗೊತ್ತೈತ್ರಿ. ನನಗ ಅವ್ವ ಅಂದ್ರ ಅದ ಮಾರಿ. ನಾ ಬ್ಯಾರೆ ಯಾರನ್ನೂ ನೋಡಿಲ್ಲ."

ಹೊಸ್ತಿಲ ಆಚೆ ನಿಂತಿದ್ದ ನೀಲವ್ವನಿಗೆ ಕೇಳಿಸಿತು. "ಏ ಹುಚ್ಚಿ, ನಾ ಇನ್ನ ಗುಂಡುಕಲ್ಲಿನಂಗ ಅದೀನಿ. ಜೀವಂತ ಇದ್ದಾಕಿಗೆ ಎಡಿ ಹಿಡೀತಿಯೇನ?" ಎಂದು ಗದರಿದಳು. ಕಣ್ಣು ತುಂಬಿತ್ತು.

"ಎಡಿ ಹಿಡಿಯಂಗಿಲ್ಲಬೇ. ಬರೇ ಗ್ವಾಡಿಗೆ ಹಾಕ್ತೀನಿ. ಮಾಲಿನೂ ಹಾಕಂಗಿಲ್ಲ. ನಿನ್ನಾಣಿ."

ಹಾಗೇ ಮಾಡಿದಳು. ಯಾವಾಗ ಹೋದರೂ ನಡುಮನೆಯ ಗೋಡೆಯ ಮೇಲೆ ಆ ಚಿತ್ರ ಬರಿಗೊರಳಲ್ಲಿ ಇರುತ್ತಿತ್ತು. ಬಂದವರು ಯಾರಿವರು ಎಂದರೆ ಗೌರಮ್ಮ ನಮ್ಮವ್ವ ಎನ್ನುತ್ತಿದ್ದಳು, ಹೂವು ಯಾಕಿಲ್ಲ ಎಂದರೆ ಮಾತು ಬದಲಿಸುತ್ತಿದ್ದಳು. ಅಪ್ಪ ತೀರಿಕೊಂಡರು. ಅವರು ಅಂಟಿಸಿದ ಕಾಗದ ಸವೆದು ಹೋದಾಗಲೆಲ್ಲ ನಾನೇ ಹೊಸದು ಅಂಟಿಸಿಕೊಳ್ಳುತ್ತ ಬಂದೆ. ಪ್ಯಾಡು ಬದಲಾಯಿತು, ಸಪ್ಪಳ ಅದೇ ಇದೆ. ಇದ್ದಿಲ ಡಬ್ಬಿ ಮಾತ್ರ ಎಲ್ಲಿಟ್ಟರೋ, ಇವತ್ತಿಗೂ ಸಿಕ್ಕಿಲ್ಲ.

ಮೊನ್ನೆ ಕಾಲು ತೊಳೆದು, ಕೆಮ್ಮು ನಿಲ್ಲಿಸಿಕೊಂಡು ಒಳಗೆ ಹೋದೆ. ಗೋಡೆಯ ಮೇಲಿನ ಮೊಳೆ ಖಾಲಿಯಿತ್ತು. ಚಿತ್ರ ಕೆಳಗಿಳಿದು ಮಣೆಯ ಮೇಲೆ ಕೂತಿತ್ತು, ಮುಂದೆ ಮಡಿಚಿಟ್ಟ ಇಳಕಲ್ ಸೀರೆ, ಹಸಿರು ಬಳೆ, ಹೋಳಿಗೆಯ ಎಡೆ. ನೀಲವ್ವ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಮಂಗಳೂರಿಗೆ ಮಣ್ಣಿಗೆ ನಾನೂ ಹೋಗಿದ್ದೆ.

"ಫೋನಿನ್ಯಾಗ ಅಕ್ಕಂದು ಬೇಕಾದಷ್ಟು ಫೋಟೋ ಅದಾವಲ್ಲ ಗೌರಮ್ಮ" ಎಂದೆ.

"ಅದಾವ್ರಿ. ಅವು ಅಕ್ಕಂದು. ಅವ್ವಂದು ಇದೊಂದ."

ಆಕೆಯ ಕೈಯಲ್ಲಿ ಸೇವಂತಿಗೆ ಮಾಲೆ ಇತ್ತು. ಎಷ್ಟು ಹೊತ್ತಿನಿಂದ ಹಿಡಿದು ನಿಂತಿದ್ದಳೋ, ಬೆರಳಿನ ಹತ್ತಿರದ ಹೂವು ಬಾಡಿದ್ದವು. ಅದನ್ನು ನನ್ನ ಕಡೆ ಚಾಚಿದಳು.

"ನೀವ ಹಾಕ್ರಿ ಅಕ್ಕೋರ. ಹಾಕಂಗಿಲ್ಲ ಅಂತ ಆಣಿ ಮಾಡೀನಿ."

ಹಾಕಿದೆ. ಮಾಲೆ ಸೆರಗಿನ ಮೇಲೆ ನೆಟ್ಟಗೆ ಕೂರಲಿಲ್ಲ, ಬಲಕ್ಕೆ ಸ್ವಲ್ಪ ಸರಿಸಿದೆ.